ಸಿರ್ಗಾಪುರದ ದಾರಿಯಲ್ಲಿ ಫೌಜಿಯ ಲಾರಿ

ಬೀದರಿನಿಂದ ಗಡಿ ದಾಟಿ ಜಹೀರಾಬಾದಿಗೆ ಬಂದರೆ 65ನೇ ರಾಷ್ಟ್ರೀಯ ಹೆದ್ದಾರಿ ಸಿಗುತ್ತದೆ. ಹೈದರಾಬಾದಿನಿಂದ ಸೊಲ್ಲಾಪುರ, ಪುಣೆಯ ಕಡೆ ಹೋಗುವ ಈ ರಸ್ತೆಯನ್ನು ಇಲ್ಲಿಯವರು ಇಂದಿಗೂ ‘ಬಾಂಬೆ ಹೈವೇ’ ಎಂದೇ ಕರೆಯುತ್ತಾರೆ. ಹೆದ್ದಾರಿ ಬಿಟ್ಟು ನಾರಾಯಣಖೇಡದ ಕಡೆ ತಿರುಗಿದರೆ ಲಾರಿಗಳ ಸದ್ದು ಕಡಿಮೆಯಾಗಿ ಕಪ್ಪು ನೆಲದ ಹೊಲಗಳು ಶುರುವಾಗುತ್ತವೆ: ತೊಗರಿ, ಹತ್ತಿ, ಜೋಳ. ಅದಕ್ಕೂ ಮುಂದೆ ಸಿರ್ಗಾಪುರ. 1956ರ ನವೆಂಬರ್ 1ರವರೆಗೆ ನಾರಾಯಣಖೇಡ ತಾಲ್ಲೂಕು ಬೀದರ್ ಜಿಲ್ಲೆಯಲ್ಲೇ ಇತ್ತು. ಆಮೇಲೆ ಮೆದಕ್ ಜಿಲ್ಲೆಗೆ ಸೇರಿತು, 2016ರಲ್ಲಿ ಸಂಗಾರೆಡ್ಡಿ ಜಿಲ್ಲೆಗೆ. ಸಿರ್ಗಾಪುರ ಮಂಡಲವಾದದ್ದೂ ಆಗಲೇ. ಗಡಿ ಸರಿದರೂ ಮನೆಯೊಳಗಿನ ಕನ್ನಡ ಹಾಗೇ ಉಳಿದುಕೊಂಡಿದೆ. ಅಂಗಡಿ ಮುಂದೆ ಅದೇ ಬಾಯಿಗೆ ತೆಲುಗೂ ಉರ್ದುವೂ ಬರುತ್ತವೆ.

ಇಂಥ ಸೀಮೆಯಲ್ಲಿ ಸೇನೆಯಿಂದ ನಿವೃತ್ತನಾಗಿ ಬಂದವನು ಎಲ್ಲರ ಬಾಯಲ್ಲಿ ‘ಫೌಜಿ’. ಹದಿನೈದು ವರ್ಷ ಸೇವೆ ಮುಗಿದರೆ ಸಿಪಾಯಿಗೆ ಪಿಂಚಣಿ ಉಂಟು. ಆದರೆ ಆಗ ಅವನ ವಯಸ್ಸು ಮೂವತ್ತೈದು, ನಲವತ್ತು. ಮಕ್ಕಳು ಇನ್ನೂ ಶಾಲೆಯಲ್ಲಿ. ಕುಳಿತು ಉಣ್ಣುವ ಕಾಲ ಅದಲ್ಲ. ಬೆಂಗಳೂರಿನ ಆರ್ಮಿ ಸರ್ವಿಸ್ ಕೋರ್ ಕೇಂದ್ರದಲ್ಲಿ ಚಾಲಕನಾಗಿ ತರಬೇತಿ ಪಡೆದು, ಬೆಟ್ಟದ ದಾರಿಗಳಲ್ಲಿ ಶಕ್ತಿಮಾನ್, ಸ್ಟಾಲಿಯನ್ ಟ್ರಕ್ಕುಗಳನ್ನು ಓಡಿಸಿದವನಿಗೆ ಲಾರಿಯೇ ಮೊದಲು ನೆನಪಾಗುವುದು ಸಹಜ.

ಇಲ್ಲೊಂದು ತೊಡಕಿದೆ. ಸೇನೆಯ ಗಾಡಿಯ ನಂಬರ್ ಪ್ಲೇಟಿನಲ್ಲಿ ಮೇಲ್ಮುಖವಾದ ಬಾಣದ ಗುರುತು ಇರುವುದನ್ನು ನೀವು ನೋಡಿರಬಹುದು. 1988ರ ಮೋಟಾರು ವಾಹನ ಕಾಯ್ದೆಯ 18ನೇ ಕಲಮಿನಂತೆ ಸೇನೆ ಕೊಡುವ ಲೈಸೆನ್ಸು ಅಂಥ ರಕ್ಷಣಾ ವಾಹನಗಳಿಗೆ ಮಾತ್ರ ಸಲ್ಲುತ್ತದೆ. ಅದನ್ನು ಜೇಬಿನಲ್ಲಿಟ್ಟುಕೊಂಡು ಬಾಡಿಗೆ ಲಾರಿ ಹತ್ತುವಂತಿಲ್ಲ. ಆದರೆ ಅದೇ ವರ್ಗದ ವಾಹನಕ್ಕೆ ಆ ಲೈಸೆನ್ಸು ಹೊಂದಿದ್ದವನು ಮತ್ತೆ ಚಾಲನಾ ಪರೀಕ್ಷೆ ಕೊಡಬೇಕಿಲ್ಲ ಎಂದು 9ನೇ ಕಲಮು ಹೇಳುತ್ತದೆ. ಹಾಗಾಗಿ ಪಲ್ಟನ್ ಬಿಡುವಾಗ ಟ್ರಂಕಿನಲ್ಲಿ ಮೊದಲು ಇಡಬೇಕಾದ್ದು ಆ ಕಾಗದಗಳನ್ನು. ಸಮವಸ್ತ್ರ ಆಮೇಲೆ. ಊರಿಗೆ ಬಂದು ವರ್ಷವಾದ ಮೇಲೆ ಪಲ್ಟನ್ನಿಗೆ ಪತ್ರ ಬರೆಯುತ್ತಾ ಕೂರುವ ಕಷ್ಟ ಯಾಕೆ?

ಕಾಗದ ಸಿಕ್ಕಿತೆನ್ನಿ, ಚಾಕರಿ ಬೇರೆಯೇ. ಸೇನೆಯಲ್ಲಿ ಎಷ್ಟು ಹೊತ್ತಿಗೆ ಹೊರಡಬೇಕು, ಎಲ್ಲಿ ತಂಗಬೇಕು, ಮುಂದಿನ ಗಾಡಿಯಿಂದ ಎಷ್ಟು ದೂರ ಇರಬೇಕು, ಎಲ್ಲಕ್ಕೂ ಹುಕುಂ ಇರುತ್ತದೆ. ಡೀಸೆಲ್ ಎಷ್ಟು ಸುಟ್ಟಿತೆಂದು ಮನೆಯಲ್ಲಿ ಯಾರೂ ಕೇಳುವುದಿಲ್ಲ. ಇಲ್ಲಿ ಲೋಡು ಹುಡುಕಬೇಕು, ಬ್ರೋಕರಿಗೆ ಕಮಿಷನ್ ಕೊಡಬೇಕು, ಇಳಿಸುವ ಜಾಗದಲ್ಲಿ ಎರಡು ದಿನ ಕಾಯಬೇಕು. ಎಲ್ಲಕ್ಕಿಂತ ದೊಡ್ಡ ಶತ್ರು ಖಾಲಿ ಗಾಡಿ. ಹೋಗುವಾಗ ಸಿಕ್ಕ ಬಾಡಿಗೆಯನ್ನು ಖಾಲಿಯಾಗಿ ಮರಳುವ ದಾರಿ ನುಂಗಿಬಿಡುತ್ತದೆ.

ನಾರಾಯಣಖೇಡದ ಕಡೆಯ ಮಾಲು ಬಹುಪಾಲು ಹೊಲದ ಮಾಲು, ಸುಗ್ಗಿಗೆ ಬರುತ್ತದೆ, ಸುಗ್ಗಿ ಮುಗಿದರೆ ಇಲ್ಲ. ಜಹೀರಾಬಾದಿನ ಕಬ್ಬು, ಶುಂಠಿ, ಆಲೂಗಡ್ಡೆಗಳೂ ಹಾಗೆಯೇ. ಅದೇ ತಾಂಡೂರಿಗೆ ಹೋಗಿ ನೋಡಿ: ಹಾಸುಗಲ್ಲು ಮತ್ತು ಸಿಮೆಂಟು ವರ್ಷವಿಡೀ ಲಾರಿ ಕೇಳುತ್ತವೆ. 2022ರಲ್ಲಿ ಭೌಗೋಳಿಕ ಗುರುತು ಪಡೆದ ಅಲ್ಲಿನ ತೊಗರಿಯಂತೂ ಇದ್ದೇ ಇದೆ. ಆದ್ದರಿಂದ ಸಿರ್ಗಾಪುರದ ಫೌಜಿ ಊರಿನಲ್ಲಿ ಲಾರಿ ನಿಲ್ಲಿಸಿಕೊಂಡು ದುಡಿಯಲಾರ. ಊರು ಬಿಟ್ಟೇ ದುಡಿಯಬೇಕು. ಹದಿನೈದು ವರ್ಷ ಕಾದ ಹೆಂಡತಿಗೆ ಈ ಮಾತು ಹೇಳುವುದು ಸುಲಭವಲ್ಲ. ನಿರ್ಧಾರದಲ್ಲಿ ಅವಳನ್ನೂ ಕೂರಿಸಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆಯ ದುಡಿಮೆ ಎನ್ನುತ್ತಿತ್ತು. ರಾತ್ರಿ ಧಾಬಾದ ಹಗ್ಗದ ಮಂಚದ ಮೇಲೆ ಒರಗಿದ ಯಾವ ಚಾಲಕನನ್ನಾದರೂ ಕೇಳಿ, ನಕ್ಕಾನು.

ಇನ್ನು ಹಣದ ಮಾತು. ನಿವೃತ್ತಿಯಲ್ಲಿ ಕೈಗೆ ಒಟ್ಟಾಗಿ ಬಂದ ಮೊತ್ತವನ್ನು ಮುಂಗಡ ಕಟ್ಟಿ, ಉಳಿದದ್ದಕ್ಕೆ ಸಾಲ ಮಾಡಿ, ಮೊದಲ ವರ್ಷವೇ ಸ್ವಂತ ಲಾರಿ ತರುವ ಆಸೆ ಹಲವರಿಗೆ. ಒಂದು ಸುಗ್ಗಿಯಿಂದ ಮುಂದಿನ ಸುಗ್ಗಿಯವರೆಗೆ ಬೇರೆಯವರ ಗಾಡಿಯಲ್ಲಿ ಸಂಬಳಕ್ಕೆ ದುಡಿದು, ಯಾವ ತಿಂಗಳು ಲೋಡು ಇಲ್ಲ, ಯಾವ ಬ್ರೋಕರು ಹಣ ಕೊಡುತ್ತಾನೆ ಎಂದು ಕಂಡುಕೊಂಡ ಮೇಲೆ ಆ ಆಸೆಗೆ ಕೈ ಹಾಕುವುದು ಮೇಲು. ಲೋಡು ಇಲ್ಲದ ತಿಂಗಳಲ್ಲೂ ಕಂತು ಬರುತ್ತದೆ. ಫೌಜಿಗೆ ಇರುವ ಒಂದು ಬಲವನ್ನು ಮಾತ್ರ ಮಾಲೀಕರು ಬೇಗ ಗುರುತಿಸುತ್ತಾರೆ: ಬೆಳಿಗ್ಗೆ ಎಣ್ಣೆ, ನೀರು, ಗಾಳಿ ನೋಡದೆ ಅವನು ಗಾಡಿ ತೆಗೆಯುವುದಿಲ್ಲ.

ಪಿಂಚಣಿಯ ಆಸರೆ ಇದ್ದವರ ಕಥೆ ಇದು. 2022ರಲ್ಲಿ ಘೋಷಿಸಿದ ಅಗ್ನಿಪಥ ಯೋಜನೆಯಲ್ಲಿ ಸೇರಿದವರಿಗೆ ನಾಲ್ಕೇ ವರ್ಷ ಸೇವೆ. ನಾಲ್ವರಲ್ಲಿ ಒಬ್ಬರವರೆಗೆ ಉಳಿಸಿಕೊಳ್ಳುತ್ತಾರೆ. ಮೊದಲ ತಂಡದ ಅವಧಿ 2026ರ ಕೊನೆ, 2027ರ ಆರಂಭಕ್ಕೆ ಮುಗಿಯುವಂಥದ್ದು. ಹೊರಬರುವ ಹುಡುಗರಿಗೆ ಪಿಂಚಣಿ ಇಲ್ಲ, ‘ಸೇವಾ ನಿಧಿ’ ಎಂದು ಸುಮಾರು 11.71 ಲಕ್ಷ ರೂಪಾಯಿ. ಹತ್ತು ಚಕ್ರದ ಹೊಸ ಲಾರಿಯ ಬೆಲೆ ಅದರ ಎರಡು ಪಟ್ಟಿಗೂ ಹೆಚ್ಚು.