ಸವಣೂರಿನ ಮಜೀದ್ ಹೈಸ್ಕೂಲು

ಸವಣೂರೆಂದೊಡನೆ ವಾಚಕರಿಗೆ ಅಲ್ಲಿಯ ವೀಳ್ಯದೆಲೆಯೂ ದೊಡ್ಡಹುಣಸೆ ಮಠದ ಮಹಾವೃಕ್ಷಗಳೂ ನೆನಪಿಗೆ ಬರುವುವು. 1948ರವರೆಗೆ ನವಾಬರ ಸಂಸ್ಥಾನವಾಗಿದ್ದ ಈ ಊರಿನ ಇನ್ನೊಂದು ಹಿರಿಮೆಯೆಂದರೆ ಮಜೀದ್ ಹೈಸ್ಕೂಲು. 1909ರಲ್ಲಿ ಇದೇ ಊರಿನಲ್ಲಿ ಜನಿಸಿದ ವಿನಾಯಕ ಕೃಷ್ಣ ಗೋಕಾಕರು ಓದಿದುದು ಅಲ್ಲಿಯೇ.

ಮುಂದೆ ಅವರು ಧಾರವಾಡದಲ್ಲಿಯೂ ಆಕ್ಸ್‌ಫರ್ಡಿನಲ್ಲಿಯೂ ವ್ಯಾಸಂಗ ಮಾಡಿ, ಇಂಗ್ಲಿಷಿನ ಪ್ರಾಧ್ಯಾಪಕರಾಗಿ, ಕನ್ನಡದ ಕವಿಯಾಗಿ, 1990ನೆಯ ವರ್ಷದ ಜ್ಞಾನಪೀಠ ಪ್ರಶಸ್ತಿಗೆ ಪಾತ್ರರಾದರು. ಆದರೆ ಮನೆಮನೆಗೂ ಮುಟ್ಟಿದ ಅವರ ಕಾರ್ಯವು ಬೇರೊಂದು. 1980ರಲ್ಲಿ ಸರಕಾರವು ನೇಮಿಸಿದ ಸಮಿತಿಯ ಅಧ್ಯಕ್ಷರಾಗಿ, ಹೈಸ್ಕೂಲುಗಳಲ್ಲಿ ಕನ್ನಡವೊಂದೇ ಪ್ರಥಮ ಭಾಷೆಯಾಗತಕ್ಕದ್ದೆಂದು 1981ರಲ್ಲಿ ಅವರು ವರದಿಯಿತ್ತರು. ಅದರ ಜಾರಿಗಾಗಿ 1982ರಲ್ಲಿ ನಾಡೇ ಬೀದಿಗಿಳಿಯಿತು.

ಸಣ್ಣ ಊರಿನ ಹೈಸ್ಕೂಲಿನಲ್ಲಿ ಕಲಿತ ಬಾಲಕನು, ನಾಡಿನ ಹೈಸ್ಕೂಲುಗಳೆಲ್ಲ ಏನನ್ನು ಕಲಿಸಬೇಕೆಂದು ಹೇಳುವಂತಾದನು! ಸವಣೂರಿಗೆ ಹೋದವರು ವೀಳ್ಯದೆಲೆಯೊಡನೆ ಈ ನೆನಪನ್ನೂ ಮನೆಗೆ ತರಲಿ.