ಬಣ್ಣಕ್ಕೆ ಮುನ್ನ ಬೆಳಕು

ವಿಡಿಯೋ ಆಟದ ಪಾತ್ರಕ್ಕೆ ಬಣ್ಣ ಬರೆಯುವ ಕೆಲಸ ನಡೆಯುವುದು ಚಪ್ಪಟೆಯಾದ ಒಂದು ಚೌಕದ ಮೇಲೆ. ಹೊಲಿದ ಅಂಗಿಯ ಹೊಲಿಗೆ ಬಿಚ್ಚಿ ಹರಡಿದಂತೆ, ಗಣಕದಲ್ಲಿ ರೂಪಿಸಿದ ಆಕೃತಿಯ ಮೈಯನ್ನು ತುಂಡುತುಂಡಾಗಿ ಬಿಡಿಸಿ ಅದರೊಳಗೆ ಜೋಡಿಸಿರುತ್ತಾರೆ. ಇದೇ ಟೆಕ್ಸ್ಚರ್. ಇದರ ಬದಿ ಎಷ್ಟೋ ವೇಳೆ 512 ಅಥವಾ 1024 ಪಿಕ್ಸೆಲ್ ಮಾತ್ರ. ಚರ್ಮ, ಲೋಹ, ಬಟ್ಟೆ, ಕೂದಲು ಎಲ್ಲವೂ ಅಷ್ಟರಲ್ಲಿಯೇ ಮೂಡಬೇಕು.

ಹೊಸಬನು ಎಡವುವುದು ವಿವರಗಳ ಮೋಹದಿಂದ. ಕವಚದ ಒಂದೊಂದು ಗೀರನ್ನೂ, ಸೊಂಟಪಟ್ಟಿಯ ಒಂದೊಂದು ಹೊಲಿಗೆಯನ್ನೂ ವಾರಗಟ್ಟಲೆ ತಿದ್ದುತ್ತಾನೆ. ಹಿಗ್ಗಿಸಿ ನೋಡಿದರೆ ಅದು ಸೊಗಸಾಗಿಯೇ ಇರುತ್ತದೆ. ಆಟದೊಳಗೆ ಯೋಧನು ಹೆಬ್ಬೆರಳಿನಷ್ಟೇ ಎತ್ತರವಾಗಿ ಕಂಡಾಗ ಮಾತ್ರ ಮುಖವಾವುದು, ಎದೆಯಾವುದು ಎಂದು ತಿಳಿಯದ ಕಂದು ರಾಡಿಯೊಂದು ಓಡಾಡುತ್ತದೆ. (ಅಷ್ಟಾದಶ ವರ್ಣನೆಗಳ ಭಾರಕ್ಕೆ ಕಥೆಯೇ ಕುಸಿದ ಕಾವ್ಯಗಳನ್ನು ಓದಿದವರಿಗೆ ಈ ಅವಸ್ಥೆ ಹೊಸತಲ್ಲ.)

ಮದ್ದು ಸರಳ, ನುಂಗುವುದು ಕಷ್ಟ: ಬಣ್ಣವನ್ನೆಲ್ಲ ತೆಗೆದು, ಬರಿಯ ಬೂದುಛಾಯೆಯಲ್ಲಿ ಚಿತ್ರವನ್ನು ಕಿರಿದಾಗಿಸಿ ನೋಡುವುದು. 2007ರ ‘ಟೀಮ್ ಫೋರ್ಟ್ರೆಸ್ 2’ ಆಟಕ್ಕಾಗಿ ವಾಲ್ವ್ ಸಂಸ್ಥೆಯ ಕಲಾವಿದರು ಅಮೆರಿಕದ ಚಿತ್ರಕಾರ ಜೆ. ಸಿ. ಲೈಯೆಂಡೆಕರ್ ಅವರ ಶೈಲಿಯನ್ನು ಆದರ್ಶವಾಗಿಟ್ಟುಕೊಂಡರು. ಅಲ್ಲಿನ ಪಾತ್ರಗಳ ಪಾದಗಳು ಗಾಢ. ಮೇಲೇರಿದಂತೆ ಛಾಯೆ ತಿಳಿಯಾಗಿ, ಆಯುಧ ಹಿಡಿದ ಎದೆಯ ಮಟ್ಟಕ್ಕೆ ಕಣ್ಣು ಬಂದು ನಿಲ್ಲುತ್ತದೆ. ಎದುರಿಗೆ ಬಂದವನ ಕೈಯಲ್ಲಿ ಏನಿದೆಯೆಂಬುದು ಆಟಗಾರನಿಗೆ ಕ್ಷಣದಲ್ಲಿ ತಿಳಿಯಬೇಕಷ್ಟೆ.

ಬೆಳಕನ್ನು ಬರೆಯುವುದರಲ್ಲಿಯೂ ಒಂದು ಸೂಕ್ಷ್ಮವಿದೆ. 1996ರ ‘ಕ್ವೇಕ್’ ಆಟದ ವರ್ಣಸಂಪತ್ತೆಲ್ಲ 256 ಬಣ್ಣಗಳು. ಕವಚದ ಮಡಿಕೆಯ ನೆರಳನ್ನು ಅಂದಿನ ಯಂತ್ರ ತಾನಾಗಿ ಮೂಡಿಸುತ್ತಿರಲಿಲ್ಲ, ಚಿತ್ರಕಾರನೇ ಬರೆಯಬೇಕಿತ್ತು. ಯಂತ್ರಗಳು ಬಲಿತ ಮೇಲೂ ಕೈಬರಹದ ಶೈಲಿ ಉಳಿಯಿತು. 2004ರ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಅದಕ್ಕೆ ಪ್ರಸಿದ್ಧ ನಿದರ್ಶನ. ಭಾವಚಿತ್ರ ಬರೆದು ಪಳಗಿದವನು ಅಭ್ಯಾಸಬಲದಿಂದ ಎಡಗಡೆಯ ಬೆಳಕನ್ನು ಬರೆದುಬಿಡುತ್ತಾನೆ. ಭಾವಚಿತ್ರದ ಮನುಷ್ಯ ತಿರುಗುವುದಿಲ್ಲ. ಆಟದ ಮನುಷ್ಯ ತಿರುಗುತ್ತಾನೆ. ತಿರುಗಿದೊಡನೆ ಎಡಗೆನ್ನೆಯ ಬೆಳಕೂ ಅವನ ಜೊತೆಗೇ ತಿರುಗಿ, ಸೂರ್ಯ ಹಿಂದೆ ಬಿದ್ದು ಅಲೆಯುತ್ತಿರುವಂತೆ ಕಾಣುತ್ತದೆ. ಆದ್ದರಿಂದ ಅನುಭವಿಗಳು ಬೆಳಕನ್ನು ಹೆಚ್ಚಾಗಿ ಮೇಲಿನಿಂದ ತರುತ್ತಾರೆ. ಪಾತ್ರ ಎತ್ತ ಮುಖ ಮಾಡಿದರೂ ಆಕಾಶ ಮೇಲೆಯೇ ಇರುತ್ತದೆ. ಗದ್ದದ ಕೆಳಗೆ, ಕಂಕುಳಲ್ಲಿ, ಪಟ್ಟಿಯ ಅಡಿಯಲ್ಲಿ ನೆರಳು ಎಂದೂ ಸುಳ್ಳಾಗದು.

ಇಷ್ಟು ತಿಳಿದ ಮೇಲೆಯೂ, ಮೂರು ವಾರ ಕೂತು ಬರೆದ ಹೊಲಿಗೆಗಳ ಮೇಲೆ ಅಗಲವಾದ ಕುಂಚ ಆಡಿಸುವಾಗ ಕಲಿಯುವವನ ಕೈ ತಡೆಯುತ್ತದೆ. ಹೊಲಿಗೆಗಳಿದ್ದ ಪದರವನ್ನು ಅವನು ಅಳಿಸುವುದಿಲ್ಲ. ಮರೆಮಾಡಿ, ಕಡತದಲ್ಲಿಯೇ ಇಟ್ಟುಕೊಳ್ಳುತ್ತಾನೆ.