ಅಕ್ಕನ ಕೆನಡಾ, ಭಾಗ 6: ಮುಚ್ಚಳ ತೆರೀತೇನವಾ?

ನಮ್ಮ ಬನಹಟ್ಟಿಯಾಗ ಚಳಿಗಾಲ ಬಂತು ಅಂತ ಹೆಂಗ ಗೊತ್ತಾಗ್ತೈತಿ ಹೇಳ್ರಿ? ಕೊಬ್ಬರಿ ಎಣ್ಣಿ ಬಾಟ್ಲಿ ನೋಡಿ. ಸುಮಾರು 24 ಡಿಗ್ರಿಗಿಂತ ಕೆಳಗ ಇಳಿದ್ರ ಸಾಕು, ಬೆಳ್ಳಗ ಹೆಪ್ಪುಗಟ್ಟಿ ಕೂತಿರ್ತೈತಿ. ಅವ್ವ ಅದನ್ನ ಬಿಸಿಲಿಗೆ ಇಡ್ತಾಳ, ಕತಿ ಮುಗೀತು.

ಅಕ್ಕ ಮದುವೆಯಾಗಿ ಹೋದದ್ದು ಕೆನಡಾದ ಆಲ್ಬರ್ಟಾಕ್ಕೆ. ಅಲ್ಲಿ ಜನವರಿ ರಾತ್ರಿ ಮೈನಸ್ 25 ಆದ್ರೂ ಯಾರೂ ಸುದ್ದಿ ಮಾಡೋದಿಲ್ಲ. ಮನೆ ಹೊರಗಿಟ್ಟ ಕಸದ ಡಬ್ಬಿಯ ಮುಚ್ಚಳ ಡಬ್ಬಿಗೇ ಅಂಟಿಕೊಂಡು ಬಿಡ್ತೈತಿ.

ನಗಬ್ಯಾಡ್ರಿ. ನಮ್ಮಲ್ಲಿ ಕಸದ ಗಾಡಿ ಹಾಡು ಹಾಕ್ಕೊಂಡು ಬರ್ತೈತಿ, ಬುಟ್ಟಿ ಕೊಟ್ರ ಅವರೇ ಸುರುವಿಕೊಳ್ತಾರ. ಅಕ್ಕನ ಓಣಿಯಾಗ ಗಾಡಿಯಿಂದ ಯಾರೂ ಇಳಿಯೋದಿಲ್ಲ. ಗಾಡಿಯ ಕಬ್ಬಿಣದ ಕೈ ಡಬ್ಬಿಯನ್ನ ಎತ್ತಿ ಬೋರಲು ಹಾಕುತ್ತದೆ. ಮುಚ್ಚಳ ತನ್ನ ಭಾರಕ್ಕೆ ತಾನೇ ತೆರೀಬೇಕು. ತೆರೀಲಿಲ್ಲ ಅಂದ್ರ ತುಂಬಿದ ಡಬ್ಬಿ ತುಂಬಿದಂಗ ವಾಪಸ್. ಮುಂದಿನ ಸರದಿ ಎರಡು ವಾರ ಬಿಟ್ಟು.

ಹೋದ ವರ್ಷ ಅಕ್ಕನ ಕೂಸಿಗೆ ಎರಡು ತಿಂಗಳು. ಆಪರೇಷನ್ ಆಗಿತ್ತು. ಮಾಮಾ ಕೆಲಸಕ್ಕ ಬ್ಯಾರೆ ಊರಿಗೆ ಹೋಗಿದ್ರು. ಬಾಣಂತನಕ್ಕ ಹೋಗಬೇಕಿದ್ದ ಅವ್ವನಿಗೆ ವೀಸಾ ಬಂದಿರಲಿಲ್ಲ. ಡಬ್ಬಿ ತುಂಬ ಡೈಪರ್. ಕೂಸು ಮಲಗಿದ ಹೊತ್ತು ನೋಡಿ ಹೊರಗ ಹೋಗಿ ಮುಚ್ಚಳ ಜಗ್ಗಿದಾಳ, ಕಾಲ ಕೆಳಗ ಐಸ್, ಜಾರಿ ಬಿದ್ದಾಳ. ದೇವರ ದಯಾ, ಏನೂ ಆಗಲಿಲ್ಲ. ಆದ್ರ ಅವ್ವ ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ಆವತ್ತಿಂದ ನಮ್ಮ ವಿಡಿಯೋ ಕಾಲ್ ತುಂಬ ಕಸದ ಡಬ್ಬಿ. ಅಪ್ಪನ ಐಡಿಯಾ: ಮಗ್ಗದಾಗ ಉಳಿದ ಅರಿವಿ ಚಿಂದಿ ಅಂಚಿಗೆ ಇಡು. (ಪವರ್‌ಲೂಮ್ ಮನುಷ್ಯ, ಎಲ್ಲಾದಕ್ಕೂ ಚಿಂದಿನೇ.) ಆದ್ರ ಹತ್ತಿ ನೀರು ಕುಡೀತೈತಿ, ಮೊದಲು ಹೆಪ್ಪುಗಟ್ಟೋದೇ ಅದು. ಅವ್ವನ ಐಡಿಯಾ ನಿಮಗ ಗೊತ್ತಾಗಿರಬೇಕು, ಕೊಬ್ಬರಿ ಎಣ್ಣಿ! ಅಲ್ಲಿ ಅದನ್ನ ಬಾಟ್ಲಿಯಿಂದ ತೆಗಿಯೋದೇ ಒಂದು ಕೆಲಸ.

ನಿಜವಾದ ಕಳ್ಳ ನೀರು. ಹಗಲು ಬಿಸಿಲಿಗೆ ಕರಗಿದ ಹಿಮ ಅಂಚಿನ ಸಂದಿಗೆ ಇಳಿದು ರಾತ್ರಿ ಗಟ್ಟಿಯಾಗುತ್ತದೆ. ಒಳಗಿಂದ ಇನ್ನೊಂದು ದಾರಿ: ಅನ್ನದ ಪಾತ್ರೆಯ ಮುಚ್ಚಳದಾಗ ಹನಿ ಕೂಡೋದಿಲ್ಲೇನು, ಹಂಗೇ ಬೆಚ್ಚಗಿನ ಹಸಿ ಕಸದ ಆವಿ ಮುಚ್ಚಳದ ಒಳಗ ಕೂಡಿ ಐಸ್ ಆಗುತ್ತದೆ. ಅದಕ್ಕೇ ಅಕ್ಕ ಈಗ ಕಸದ ನೀರು ಬಸಿದು, ಆರಿಸಿ, ಚೀಲದ ಬಾಯಿ ಬಿಗಿಯಾಗಿ ಕಟ್ಟಿ ಹಾಕ್ತಾಳ. ಅಂಚು ಒಣಗುವಂಗ ಒರೆಸಿ ತೆಳ್ಳಗ ವ್ಯಾಸಲೀನ್ ಹಚ್ಚುತ್ತಾಳ. ಹಿಮ ಜೋರಿದ್ರ ಮುಚ್ಚಳದ ನಡುವ ಒಂದು ಪ್ಲಾಸ್ಟಿಕ್ ಚೀಲ, ತುದಿ ಹೊರಗ ಇಣುಕಬೇಕು, ಜಗ್ಗಿದ್ರ ಬಿಡಿಸಿಕೊಳ್ತೈತಿ. ತಳಕ್ಕ ರಟ್ಟು, ಚೀಲ ತಳಕ್ಕೂ ಅಂಟ್ತಾವ ಮತ್ತ. ಎಲ್ಲಕ್ಕಿಂತ ಚಲೋದು, ರಾತ್ರಿ ಡಬ್ಬಿ ಗ್ಯಾರೇಜಿನಾಗ ಇಟ್ಟು, ಗಾಡಿ ಬರೋ ಮುಂಜಾನೆನೇ ಹೊರಗ ತರೋದು.

ಅಂಟಿತಂದ್ರ ಜಗ್ಗಬಾರದು. ಕಸಬರಗಿ ಹಿಡಿಕೆಯಿಂದ ಅಂಚಿನ ಸುತ್ತ ಮೆಲ್ಲಗ ಬಡಿದ್ರ ಐಸ್ ಒಡೀತೈತಿ. ಕುದಿಯೋ ನೀರು ಬ್ಯಾಡವೇ ಬ್ಯಾಡ. ಅದೇ ನೀರು ಮತ್ತ ಹೆಪ್ಪುಗಟ್ಟಿ ಇನ್ನೂ ಗಟ್ಟಿ ಬೀಗ, ಕಾಲ ಕೆಳಗ ಇನ್ನೊಂದು ಜಾರುಬಂಡಿ. ಮೈನಸ್‌ನಾಗ ಪ್ಲಾಸ್ಟಿಕ್ ಸೀಳೋದೂ ಉಂಟು.

ಅಲ್ಲಿ ಮುಂಜಾನೆ ಏಳೂವರೆ ಅಂದ್ರ ಇಲ್ಲಿ ರಾತ್ರಿ ಎಂಟು. ಗಾಡಿ ಬರೋ ದಿನ ಅವ್ವ ರೊಟ್ಟಿ ಬಡಿಯೋದು ನಿಲ್ಲಿಸಿ, ಹಿಟ್ಟಿನ ಕೈಯಾಗೇ ಫೋನ್ ಹಿಡೀತಾಳ. ಕೂಸು ಹೆಂಗೈತಿ ಅಂತ ಆಮ್ಯಾಲೆ. ಮೊದಲು, "ಮುಚ್ಚಳ ತೆರೀತೇನವಾ?"

ವೀಸಾ ಇನ್ನೂ ಬಂದಿಲ್ಲ. ಫೋಟೋದಾಗ ಕಾಣೋದು ಅವ್ವನ ಬ್ಯಾಗು. ಚಟ್ನಿಪುಡಿ ಪಕ್ಕ ಇರೋದು ವ್ಯಾಸಲೀನ್ ಡಬ್ಬಿ, ನಾಲ್ಕು.